ಚಿಲ್ಲರೆ

ನಮ್ಮೂರ ಅಂಗಡಿಯಲ್ಲಿ ಹಾಲು ಒಳಗೆಲ್ಲೋ ಮೂಲೆಯಲ್ಲಿ,
ಜೂಜು ಬಾಗಿಲಲ್ಲೇ.
ತಳ್ಳುಗಾಡಿಗಳ ಸಾಲು ದಾಟಿದರೆ ಮೂರು ಯಂತ್ರ
ಬ್ಯಾಂಕಿನ ಗುಮಾಸ್ತರ ಹಾಗೆ, ಮರ್ಯಾದಸ್ಥರು.
ಮುದುಕಿಯರು ಕೈಗವಸು ಬಿಚ್ಚಿ ಒಂದು ನಾಣ್ಯ ಹಾಕಿ
ಸೋತು, "ಆಯಿತು" ಅಂದು
ಆಲೂಗಡ್ಡೆ ಚೀಲ ಎತ್ತಿಕೊಂಡು ಹೋಗುತ್ತಾರೆ.
ನನ್ನ ಬಾಯಿಗೆ ಆ "ಆಯಿತು" ಬರಲಿಲ್ಲ
ಹನ್ನೊಂದು ವರ್ಷ.

ಯಾರೂ ನನ್ನನ್ನು ಜೂಜುಕೋರಳು ಅನ್ನಲಿಲ್ಲ.
ಇಸ್ಪೀಟಿಲ್ಲ, ಹೊಗೆಯಿಲ್ಲ, ಹೆಂಡದ ವಾಸನೆಯಿಲ್ಲ.
ಕೊಟ್ಕಾ ಬಂದರಿನ ಮೇಲಿನ ಬೀದಿಗಳಲ್ಲಿ
ಮನೆಮನೆಗೆ ಹೋಗಿ ಮುದುಕರ ಕಾಲಿಗೆ ಪಟ್ಟಿ ಸುತ್ತುವ ದಾದಿ.
ಖಾಲಿ ಬಾಟಲಿ ಹಿಂತಿರುಗಿಸಿದ ಚೀಟಿಯಿಂದ ಶುರುವಾಗಿ
ಮಗಳ ಸ್ಕೇಟಿಂಗ್ ಶೂಗೆ ಎತ್ತಿಟ್ಟ ದುಡ್ಡಿನವರೆಗೆ.
ಶೂ ಮುಂದಿನ ಚಳಿಗಾಲಕ್ಕೆ, ಅಂದೆ.
ಮುಂದಿನ ಚಳಿಗಾಲಕ್ಕೆ ಅವಳ ಕಾಲು ಬೆಳೆದಿತ್ತು,
ಕೇಳುವುದನ್ನು ಬಿಟ್ಟಿದ್ದಳು.

ಮಂಗಳವಾರ ಸಂಜೆ ಆರಕ್ಕೆ ಚರ್ಚಿನ ನೆಲಮಾಳಿಗೆ,
ಮಕ್ಕಳ ಸ್ಕೀ ಹಲಗೆಗಳನ್ನು ಗೋಡೆಗೊರಗಿಸಿಟ್ಟ ಕೋಣೆ.
ಏಳು ಕುರ್ಚಿ. ಕಾಫಿ. ಏಲಕ್ಕಿ ಬನ್ನು.
ನಮ್ಮ ಜನ ಮಾತಿಗೆ ಬಡವರು;
ಮೊದಲ ದಿನ ನಲವತ್ತು ನಿಮಿಷ
ಲೋಟದಲ್ಲಿ ಚಮಚ ತಿರುಗುವುದನ್ನೇ ಕೇಳಿದೆ.
ಆಮೇಲೆ ಇಲ್ಪೊ, ಹಿಂದೆ ಕ್ರೇನು ನಡೆಸುತ್ತಿದ್ದವನು,
ಕೆಮ್ಮಿ ಹೇಳಿದ:
"ಹೆಂಡತಿಯ ಮಣ್ಣಿಗೆ ಹೂವು ತರಲು ಹೋಗಿದ್ದೆ.
ಹೂವಿಲ್ಲದೆ ಬಂದೆ."
ಅಷ್ಟೇ. ಯಾರೂ ಅಯ್ಯೋ ಅನ್ನಲಿಲ್ಲ.
ಯಾರೋ ಬನ್ನಿನ ತಟ್ಟೆ ಅವನತ್ತ ಸರಿಸಿದರು.
ಮೇಜಿನ ಮೇಲೆ ತಟ್ಟೆ ಎಳೆದ ಆ ಸದ್ದಿಗೆ
ನಾನು ಬಾಯಿ ಬಿಟ್ಟೆ. ಮೊತ್ತ ಹೇಳಿದೆ,
ಗಂಡನಿಗೂ ಹೇಳದ ಮೊತ್ತ, ಸೊನ್ನೆಗಳ ಸಮೇತ.

ಹೊರಡುವಾಗ ಇಲ್ಪೊ
ಒಂದು ಬಾಟಲಿ ಚೀಟಿಯ ಹಿಂದೆ ನಂಬರು ಬರೆದುಕೊಟ್ಟ.
"ಉಪದೇಶ ಇಲ್ಲ ನನ್ನ ಹತ್ತಿರ. ಫೋನು ಇದೆ."

ಮೂರನೇ ವಾರ. ಮಧ್ಯಾಹ್ನ ಮೂರಕ್ಕೇ ಕತ್ತಲು.
ಹಾಲು ಕೊಂಡೆ. ಹುಡುಗಿ ಅಂಗೈಗೆ ಎರಡು ಯೂರೋ ಹಾಕಿದಳು.
ಬಾಗಿಲಲ್ಲಿ ಮೂವರೂ ನನ್ನ ಹೆಸರು ಬಲ್ಲರು.
ಫೋನು ಹಚ್ಚಿದೆ: "ಟೈಮಿ. ಬಾಗಿಲ ಹತ್ತಿರ ಇದ್ದೇನೆ."
ಅತ್ತ ಬಾಣಲೆ ಚರ್ರೆಂದಿತು.
"ಸಣ್ಣ ಮೀನು ಕರಿಯುತ್ತಿದ್ದೇನೆ," ಅಂದ,
"ರೈ ಹಿಟ್ಟು ಸವರಿ. ಒಂದು ಮಗುಚಿದೆ.
ಎರಡನೆಯದು ಅಂಟಿದೆ, ತಾಳು.
ಮೂರು. ಇದರ ಬಾಲ ಮುರಿಯಿತು."
ಹದಿನಾಲ್ಕನೆಯ ಮೀನಿಗೆ ನಾನು ಬಸ್ ನಿಲ್ದಾಣದಲ್ಲಿದ್ದೆ.
ಮುಷ್ಟಿಯೊಳಗೆ ನಾಣ್ಯ ಬೆವೆತಿತ್ತು.
ಹಾಲು ಅಂಗಡಿಯಲ್ಲೇ ಉಳಿದಿತ್ತು.

ಇಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು.

ಮೇ ತಿಂಗಳು. ಅವನ ಕುರ್ಚಿ ಎರಡು ಮಂಗಳವಾರ ಖಾಲಿ.
ಯಾರೂ ಅದರ ಮೇಲೆ ಕೋಟು ಹಾಕಲಿಲ್ಲ.
ಆಮೇಲೊಂದು ರಾತ್ರಿ, ಎರಡು ದಾಟಿತ್ತು, ಫೋನು.
ಹಿಂದೆ ಆ ಸದ್ದು, ನನಗೆ ಯಾರೂ ವಿವರಿಸಬೇಕಿಲ್ಲ,
ಟ್ಯಾಲಿನ್ ಹಡಗಿನ ಯಂತ್ರಗಳ ಗಿಲಿಗಿಲಿ.
ಒಂಬತ್ತು ವರ್ಷ ಕೈ ಕಟ್ಟಿಕೊಂಡಿದ್ದ ಮನುಷ್ಯ
ಉಸಿರಾಡುವುದಷ್ಟೇ ಕೇಳಿಸಿತು.

ಮನೆಯಲ್ಲಿ ಮೀನಿರಲಿಲ್ಲ.
ಮಡಚದ ಬಟ್ಟೆಯಿತ್ತು ಒಂದು ಬುಟ್ಟಿ.
"ಕಾಲುಚೀಲ," ಅಂದೆ, "ಬೂದು ಬಣ್ಣ. ಜೋಡಿ ಸಿಗುತ್ತಿಲ್ಲ.
ಮಗಳ ಅಂಗಿ, ಒಂದು ಗುಂಡಿ ಇಲ್ಲ.
ದಿಂಬಿನ ಚೀಲ. ಇನ್ನೊಂದು ದಿಂಬಿನ ಚೀಲ."
ಬುಟ್ಟಿ ಬರಿದಾಯಿತು.
ಎಲ್ಲ ಕೆದರಿ ಮೊದಲಿನಿಂದ ಮಡಚಿದೆ.
ಎಷ್ಟೋ ಹೊತ್ತಿಗೆ ಗಿಲಿಗಿಲಿ ನಿಂತು ಗಾಳಿಯ ಸದ್ದು.
ಡೆಕ್ಕಿಗೆ ಬಂದಿದ್ದ.
"ಬೆಳಕಾಗುತ್ತಿದೆ," ಅಂದ. ಯಾರನ್ನೋ ದೂರುವವನ ದನಿಯಲ್ಲಿ.

ಮಂಗಳವಾರ ಬಂದ. ಬನ್ನು ಮುರಿದ, ತಿನ್ನಲಿಲ್ಲ.
"ನಾಲ್ಕು ದಿನ," ಅಂದ.
ನನ್ನ ಸರದಿಗೆ ನೂರ ಅರವತ್ತೆರಡು ಅನ್ನಲು ನಾಚಿಕೆಯಾಯಿತು.
"ಹೇಳು," ಅಂದ ಇಲ್ಪೊ, ತಲೆಯೆತ್ತದೆ,
"ಅದರಲ್ಲಿ ನನ್ನ ಮೀನೂ ಇದೆ."
ಹೇಳಿದೆ.

ಬೂದು ಕಾಲುಚೀಲದ ಜೋಡಿ ಇನ್ನೂ ಸಿಕ್ಕಿಲ್ಲ.
ಹಾಲಿಗೆ ಈಗಲೂ ಅದೇ ಅಂಗಡಿ, ಬೇರೆ ಇಲ್ಲ.
ಮನೆಯಲ್ಲೇ ಎಣಿಸಿ, ಸೆಂಟು ಸೆಂಟಿಗೂ ಲೆಕ್ಕ ಹಾಕಿ
ಸರಿಯಾದ ಚಿಲ್ಲರೆ ಕೊಡುತ್ತೇನೆ,
ಅಂಗೈಗೆ ಏನೂ ವಾಪಸು ಬರದ ಹಾಗೆ.