ಸಿಕ್ಕಿಕೊಂಡ ತೂಬು

ಹನ್ನೊಂದು ವರ್ಷದಿಂದ ನಾನು
ಸರಸ್ವತಿಪುರದ ಈ ಲ್ಯಾಬಿನಲ್ಲಿ ಮೇಣ ಕೊಯ್ಯುತ್ತಿದ್ದೇನೆ.
ಮೇಣದೊಳಗೆ ಯಾರದೋ ಕರುಳಿನ ಚೂರು,
ಕಡಲೆಬೇಳೆಯಷ್ಟು.
ಚಕ್ರ ತಿರುಗಿಸಿದರೆ ಅಲಗಿನ ಮೇಲೆ
ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಒಂದು ಪಟ್ಟಿ.
ಉಸಿರು ತಾಗಿದರೆ ಹಾರುತ್ತದೆ, ಅದಕ್ಕೇ
ದಿನಕ್ಕೆ ಮುನ್ನೂರು ಸಲ ಉಸಿರು ಹಿಡಿಯುವವಳು ನಾನು.
ಬೆಚ್ಚಗಿನ ನೀರಿಗೆ ಬಿಟ್ಟರೆ
ಸುಕ್ಕು ತಾನೇ ಬಿಡಿಸಿಕೊಳ್ಳುತ್ತದೆ.

ಹೆಸರು ನೋಡುವುದಿಲ್ಲ. ನಂಬರು ಸಾಕು.
ಆದರೆ ಒಂದು ಮಂಗಳವಾರ
ಇಪ್ಪತ್ತೆರಡು ಹದಿನೇಳು ತಾನೇ ಮೆಟ್ಟಿಲು ಹತ್ತಿ ಬಂತು,
ಹೆಗಲಿಗೆ ಟವೆಲು, ಕೈಯಲ್ಲಿ ಆಸ್ಪತ್ರೆಯ ಚೀಟಿ.
ಮಂಚಯ್ಯ. ಮದ್ದೂರು ಕಡೆಯ ನೀರಗಂಟಿ.
‘ನನ್ ತುಂಡು ನಿಮ್ತಾವ ಅದಂತೆ ಕಣವ್ವ,
ಬೆಂಗ್ಳೂರ್ಗೆ ಕಳಿಸ್ಬೇಕಂತೆ.’

ವಿವರಿಸುವುದು ನನ್ನ ಕೆಲಸವಲ್ಲ.
ಆದರೂ ಟೀ ತರಿಸಿ
ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಗೀಟೆಳೆದೆ:
ಇದು ಜೀವಕೋಶ. ಗೋಡೆಯಲ್ಲೊಂದು ಬಾಗಿಲು.
‘ಬೆಳೆ, ಬೆಳೆ’ ಎಂಬ ಸುದ್ದಿ ಇಲ್ಲಿಂದ ಒಳಕ್ಕೆ.
ಹೊಸ ಇಂಜೆಕ್ಷನ್ನು ಈ ಬಾಗಿಲಿಗೆ ಅಗುಳಿ.
ಒಳಗೆ ಕೆ-ರಾಸ್ ಅಂತ ಒಂದಿದೆ,
ಅದು ತೆರೆಯಬೇಕು, ಮತ್ತೆ ಮುಚ್ಚಬೇಕು, ಅದೇನಾದರೂ—

ಅವರು ಲೋಟ ಕೆಳಗಿಟ್ಟರು.
‘ತಿಳೀತು ಬುಡವ್ವ.
ನಾಲೆ ತೂಬ ನಾನು ಎಷ್ಟ್ ಬಿಗ್ಯಾಗಿ ಮುಚ್ಚುದ್ರೇನು,
ಕೆಳಗ್ಲು ಕೆರೆ ತೂಬು ತೆಕ್ಕೊಂಡೇ ಸಿಕ್ಕಾಕಂಡಿದ್ರೆ?
ಗದ್ದೆ ಮುಳುಗೋದು ಮುಳುಗ್ತದೆ.’
ನನ್ನ ಪೆನ್ನು ಈಸಿಕೊಂಡು
ಬಾಗಿಲಿನ ಕೆಳಗೆ ಒಂದು ಕೆರೆ ಬರೆದರು,
ಏರಿ, ಏರಿಯ ಮೇಲೆ ಒಂದು ಹುಣಸೆಮರ.
ಹುಣಸೆಮರ ಯಾಕೆ ಎಂದು ನಾನು ಕೇಳಲಿಲ್ಲ.
ಹರೆಯದಲ್ಲೊಮ್ಮೆ ಇಂಥದೇ ರಾತ್ರಿ
ಗೋಣಿಚೀಲ ತುರುಕುತ್ತ ಬೆಳಗಿನವರೆಗೆ
ಎದೆಮಟ್ಟ ನೀರಲ್ಲಿ ನಿಂತಿದ್ದರಂತೆ.
‘ನಿಂತಿತೇ?’
‘ಎಲ್ಲಿ ನಿಂತದು.’

ಮೂರು ವಾರಕ್ಕೆ ವರದಿ ಬಂತು.
ಹನ್ನೆರಡನೆಯ ಜಾಗ. ಜಿ ಇರಬೇಕಾದಲ್ಲಿ ಎ.
ಪಹಣಿಯಲ್ಲಿ ಒಂದಕ್ಷರ ತಪ್ಪಿ
ಹೊಲ ಇನ್ನೊಬ್ಬರ ಹೆಸರಿಗೆ ಕೂರುವ ಹಾಗೆ.

ಅದೇ ಕೊರಿಯರಿನಲ್ಲಿ ಇನ್ನೊಂದು ಲಕೋಟೆ:
ಕುವೆಂಪುನಗರದ ಟೈಪಿಂಗ್ ಟೀಚರು ಜಲಜಾಕ್ಷಮ್ಮನವರದು.
ಅಕ್ಷರವೆಲ್ಲ ಸರಿಯಾಗಿವೆ. ತಪ್ಪಿಲ್ಲದ್ದಕ್ಕೆ
ಈ ವಿದ್ಯೆಯಲ್ಲಿ ವೈಲ್ಡ್ ಟೈಪ್ ಎನ್ನುತ್ತಾರೆ.
‘ಮೂವತ್ತೆಂಟು ವರ್ಷ ಒಂದು ಕಾಮಾ ತಪ್ಪದೆ
ಊರಿಗೆಲ್ಲ ಕಲಿಸಿದವಳು, ಈಗ ನಾನು ಕಾಡು!’
ಕೌಂಟರಿನಲ್ಲಿ ನಿಂತು ಬಿದ್ದು ಬಿದ್ದು ನಕ್ಕರು.
ಇಂಜೆಕ್ಷನ್ನು ಅವರಿಗೆ ಸಿಗುತ್ತದೆ.
ಹಿಡಿಯುತ್ತದೋ ಇಲ್ಲವೋ, ಅದು ಬೇರೆ ಮಾತು.

ಮಂಚಯ್ಯ ನಗಲಿಲ್ಲ, ಅಳಲೂ ಇಲ್ಲ.
‘ತಪ್ಪಿ ಹಾಕಿಸ್ಕಂಡಿದ್ರೆ ಏನಾಗದು?’
ಮೈತುಂಬ ಗುಳ್ಳೆ ಏಳುತ್ತಿತ್ತು, ಎಂದೆ,
ಗಡ್ಡೆ ಜಗ್ಗುತ್ತಿರಲಿಲ್ಲ.
‘ಸರಿ ಮತ್ತೆ. ಬ್ಯಾಡ ಅಂತ ಮೊದ್ಲೇ ಗೊತ್ತಾದ್ದು ವಳ್ಳೇದೇ.’
ಆ ‘ವಳ್ಳೇದೇ’ಯನ್ನು
ಎಲ್ಲಿಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಹಳೆಯ ಔಷಧಿ, ಹದಿನಾಲ್ಕು ದಿನಕ್ಕೊಮ್ಮೆ.
ಕಟ್ಟುನೀರು ಎನ್ನುತ್ತಾರೆ ಅದನ್ನು:
ಬಿಡೋದು, ನಿಲ್ಸೋದು, ಬಿಡೋದು.
ಹೋಗುವ ಮುಂಚೆ ಕೇಳಿದರು,
ಮಿಕ್ಕ ಮೇಣದ ತುಂಡು ಏನು ಮಾಡುತ್ತೀರಿ?
ಹತ್ತು ವರ್ಷ ಇಡುತ್ತೇವೆ.
‘ಅಯ್ಯೋ, ನನಗಿಂತ ಅದೇ ಗಟ್ಟಿ!’
ಆಗ ನಕ್ಕರು.

ಕಳೆದ ತಿಂಗಳು ತಪಾಸಣೆಗೆ ಬಂದವರು
ರಿಜಿಸ್ಟರಿನ ಕೊನೆಯ ಹಾಳೆಗೆ ಬೆರಳಿಟ್ಟು
ಕನ್ನಡಕ ಸರಿಮಾಡಿಕೊಂಡರು.
ಇದು ಯಾವ ಅಂಗ ಮೇಡಂ?
ಕೆರೆ, ಎಂದೆ.