ಕಂಡಿಕಿ ಬುಟ್ಟ್ಯಾಗಿನ ಕಾರ್ಡು

ನನಗ ಓದಾಕ ಬರೂದಿಲ್ಲ, ಮಹಾನಂದಾ,
ಎಳಿ ಎಣಸಾಕ ಬರ್ತೈತಿ.
ಸಂಕ್ರಮಣದಾಗೊಮ್ಮೆ, ಬಸವ ಜಯಂತಿ ಮುಂದೊಮ್ಮೆ,
ಮಣ್ಣೆತ್ತಿನ ಅಮಾಸಿ ದಾಟಿ ಇನ್ನೊಮ್ಮೆ
ಹಲ್ಲುನೋವು ಅಂತ ದವಾಖಾನಿಗಿ ಹೋದಿ.
ಮೂರು ತಿಂಗಳಿಗೊಮ್ಮೆ ನೋಯೂ ಹಲ್ಲು
ಯಾವುದವ್ವಾ ಅದು?

ಕಂಡಿಕಿ ಬುಟ್ಟಿ ತಳದಾಗ ಕಾರ್ಡು ಸಿಕ್ತು.
ಮೂರು ಮನ್ಯಾಗ ನೀಲಿ ಶಾಯಿ, ನಾಕನೇದು ಖಾಲಿ.
ಮಡಚಿದಂಗ ಮಡಚಿ ಇಟ್ಟೆ.

ಎಂಟು ಹೆತ್ತೇನಿ ನಾ. ಉಳದಾವ್ರು ಮೂವರು.
ಏಳನೇದರ ನೋವು ಬಂದಾಗ
ಕಾಲು ಮಗ್ಗದ ಕುಣ್ಯಾಗಿತ್ತು,
ಖಣ ಅರ್ಧಾ ಆಗಿತ್ತು.
ಹನ್ನೆರಡನೇ ದಿನಕ್ಕ ಅದ ಖಣ, ಅದ ಕುಣಿ.
ಎದಿಹಾಲು ಕುಪ್ಪಸದಾಗ ಒಣಗತಿತ್ತು,
ಕೂಸು ಇರಲಿಲ್ಲ.
ಸಾಕು ಅನ್ನೂ ಮಾತು ಬಾಯಾಗಿತ್ತು.
ಅದನ್ನ ಒಯ್ದು ಹೇಳಾಕ ಒಂದು ಬಾಗಲಾ ಇರಲಿಲ್ಲ
ಇಡೀ ಗುಳೇದಗುಡ್ಡದಾಗ.

ನಿನ್ನೆ ನಳದ ಹಂತ್ಯಾಕ
ಆಶಾ ಕಸ್ತೂರಿ ಪಿಸಿಪಿಸಿ ಅಂದದ್ದು ಕೇಳಿಸ್ತು:
ಇಲ್ಲಿ ಸೂಜಿ ಮುಗದಾವ, ಬಾದಾಮಿಗಿ ಹೋಗು, ಶುಕ್ರವಾರದೊಳಗ.
ನನ್ನ ಕಿವಿ ಮಂದ ಅಂತೀರಿ. ಅನ್ರಿ.

ಗುರಸಿದ್ದಗ ಹೇಳೇನಿ:
ಬನಶಂಕರಿಗಿ ಹಳೇ ಹರಕಿ ಒಂದು ಉಳದೈತಿ,
ಸೊಸಿ ಜೋಡಿ ಬೇಕು.
ನೀ ಬಾದಾಮ್ಯಾಗ ಇಳಿ, ಕೆಲಸ ಮುಗಿಸಿ ಬಾ.
ನಾ ಹೊಂಡದ ಪಾವಟಿಗಿ ಮ್ಯಾಲ ಕುಂತಿರತೇನಿ.
ಬಸ್ಸಿಗಿ ರೊಕ್ಕಿಲ್ಲ, ಆಧಾರ ಮರೀಬ್ಯಾಡ.
ಬರೂ ಮುಂದ ಕುಂಕುಮ ತರೂಣು, ಪುರಾವಿ ಬೇಕಲ್ಲ.

ಆಮ್ಯಾಲ ಆ ಕಾರ್ಡು
ಬುಟ್ಟ್ಯಾಗ ಇಡಬ್ಯಾಡ, ಅಂವ ಕಂಡಿಕಿ ಹುಡುಕತಾನ.
ನನ್ನ ಎಲಿಚಂಚ್ಯಾಗ ಇಡು.
ಸುಣ್ಣ ಹತ್ತೀತು, ಅಷ್ಟ.