ಲೋಪಸಂಧಿ

ಕಾಜುಬಾಗದಲ್ಲಿ, ಬಲೆಯಂಗಡಿಯ ಮಾಳಿಗೆಯ ಮೇಲೆ
'ಸುಧನ್ವ ಹೆಲ್ತ್ ಕಮ್ಯುನಿಕೇಷನ್ಸ್'.
ಮೆಟ್ಟಿಲಿಗೆಲ್ಲ ನೈಲಾನಿನ ವಾಸನೆ, ಒಳಗೆ ಎ.ಸಿ.
ಇವರಿಗೆ ಆಸ್ಪತ್ರೆಯಿಲ್ಲ, ಒಂದು ಸೂಜಿಯೂ ಇಲ್ಲ;
ಆಸ್ಪತ್ರೆಗಳ ಪರವಾಗಿ ಮಾತಾಡುತ್ತಾರೆ.
ಯಜಮಾನ ಶೈಲೇಶ ಪೆಡ್ನೇಕರ, ಸಾಹೇಬರ ತಂಗಿಯ ಗಂಡ.
ಯಾವ ಸಾಹೇಬರು ಎಂದು ಊರಲ್ಲಿ ಯಾರೂ ಕೇಳುವುದಿಲ್ಲ.

ನಾನು ಹಗಲು ಅತಿಥಿ ಶಿಕ್ಷಕ, ಏಳನೇ ಇಯತ್ತೆಗೆ ಕನ್ನಡ;
ಸಂಜೆ ಇವರ ಇಂಗ್ಲಿಷ್ ಪ್ರಕಟಣೆಗಳನ್ನು ಕನ್ನಡಕ್ಕೆ ಇಳಿಸುವವ.
ಪದಕ್ಕೆ ತೊಂಬತ್ತು ಪೈಸೆ. ಎಣಿಸುವುದು ಕಂಪ್ಯೂಟರು.
ಹಾಗಾಗಿ ಸಂಧಿ ಬಿಡಿಸುತ್ತೇನೆ:
ಜಿಲ್ಲಾಸ್ಪತ್ರೆ ಒಂದು, ಜಿಲ್ಲಾ ಆಸ್ಪತ್ರೆ ಎರಡು.
ಆರೋಗ್ಯಾಭಿಯಾನ ಎಂದರೆ ನನಗೆ ನಷ್ಟ.
ವ್ಯಾಕರಣ ಹೊಟ್ಟೆಪಾಡಿಗೆ ಇಷ್ಟು ಒದಗಿದ್ದು ಇದೇ ಮೊದಲು.

ಹೋದ ವರ್ಷ ಹೃದಯ ಘಟಕದ ಉದ್ಘಾಟನೆಗೆ
ನಗುವ ಮುಖ ಬೇಕೆಂದರು. 'ಲೋಕಲ್ ಇರಲಿ, ಹಲ್ಲು ಚೆನ್ನಾಗಿರಲಿ.'
ಮೀನುಪೇಟೆಯಿಂದ ಶೇವಂತಿ ದುರ್ಗೇಕರಳನ್ನು ಕರೆತಂದು,
ಬುಟ್ಟಿ ಇಳಿಸಿ, ಹಣೆಯ ಬೆವರೊರೆಸಿ, ಯಾರದೋ ಸೀರೆ ಉಡಿಸಿ
ನಲವತ್ತು ಸಲ ನಗಿಸಿದರು.
ಐನೂರು ರೂಪಾಯಿ, ಒಂದು ಪ್ಲೇಟು ಇಡ್ಲಿ.
ಕಾಳಿ ಸೇತುವೆಯ ಬಾಯಲ್ಲಿ ನಿಂತಳು, ಇಪ್ಪತ್ತು ಅಡಿ,
ಕೈಮುಗಿದ ಸಾಹೇಬರ ಪಕ್ಕ:
'ಇನ್ನು ಗೋವಾಕ್ಕೆ ಓಡಬೇಕಿಲ್ಲ.'
ಆ ಸಾಲು ನನ್ನದು. ಇಂಗ್ಲಿಷಿನಲ್ಲಿ ಏನೋ ಸಪ್ಪೆಯಿತ್ತು,
'ಓಡು' ನಾನೇ ಹಾಕಿದ್ದು. ಪೆಡ್ನೇಕರ ಬೆನ್ನು ತಟ್ಟಿದ.
ಮೂರು ಪದ, ಎರಡು ರೂಪಾಯಿ ಎಪ್ಪತ್ತು ಪೈಸೆ.

ಚೌತಿ ಕಳೆದ ವಾರ, ಮಳೆಯ ರಾತ್ರಿ, ಅದರ ಕೆಳಗೆ
ಆಂಬುಲೆನ್ಸು ಹಾಯಿತು.
ಘಟಕದಲ್ಲಿ ಯಂತ್ರವಿತ್ತು, ನಡೆಸುವವ ಇರಲಿಲ್ಲ.
ಒಳಗೆ ಶೇವಂತಿ, ಗಂಡನ ಅಂಗಾಲು ತಿಕ್ಕುತ್ತ.
ಮೇಲೆ ಶೇವಂತಿ, ಫೋಕಸ್ ಲೈಟಿನಲ್ಲಿ.

ಬೆಳಿಗ್ಗೆ ಫೋನು. ಸ್ಪಷ್ಟೀಕರಣ, ಹನ್ನೊಂದರೊಳಗೆ.
ಬರೆದೆ: ಯಾವುದೇ ಲೋಪ ಆಗಿರುವುದಿಲ್ಲ.
ಮೂರನೇ ಸಾಲಿನಲ್ಲಿ, ಕಾರಣವಿಲ್ಲದೆ, ಸಾಹೇಬರ ಹೆಸರು ಆಗಮ.
'ಸಾವು' ಇದ್ದಲ್ಲಿ 'ಘಟನೆ' ಬರಲೆಂದು
ಮೇಲಿನಿಂದಲೇ ಆದೇಶ.
ಕೊನೆಗೆ ಪತ್ರಿಕೆಗಳಿಗೆಲ್ಲ ರೂಢಿಯಾದ ಮಾತು:
ರೋಗಿಯು ಚಿಕಿತ್ಸೆಗೆ ಸ್ಪಂದಿಸದೆ.
ಒಟ್ಟು ಇನ್ನೂರ ಹತ್ತು ಪದ,
ನೂರಾ ಎಂಬತ್ತೊಂಬತ್ತು ರೂಪಾಯಿ.

ಸೂತಕ ಕಳೆದು ಶಾಲೆಗೆ ಬಂದಳು ಅವರ ಮಗಳು ಪ್ರಾಚಿ.
ಹಲಗೆಯ ಮೇಲೆ ನಾನು
ಊರು ಕೂಡಿಸು ಅಲ್ಲಿ ಎಂದು ಬರೆದು,
'ಎರಡು ಕೂಡುವಾಗ ನಡುವಿನದೊಂದು ಬಿದ್ದುಹೋಗುತ್ತದೆ.
ಅರ್ಥ ಕೆಡುವುದಿಲ್ಲ' ಎನ್ನುತ್ತಿದ್ದೆ.
ಕಂಪಾಸಿನಿಂದ ಅವಳು ಪೇಪರಿನ ತುಂಡು ತೆಗೆದಳು,
ನಾಲ್ಕಾಗಿ ಮಡಚಿದ್ದು.
'ಸರ್, ಸ್ಪಂದಿಸದೆ ಅಂದ್ರೆ?'
ಉತ್ತರ ಕೊಡದೆ ಇರುವುದು, ಎಂದೆ.

'ಪಪ್ಪ ಕೊಟ್ಟ ಸರ್.
ಮಾಜಾಳಿ ಗೇಟಿನ ತನಕ ಮಾತಾಡ್ತಾನೇ ಇದ್ನಂತೆ.
ಡೀಸೆಲ್ ಬಾಕಿ ಯಾರಿಗೆ ಕೊಡಬೇಕು ಅಂತ ಹೇಳ್ದ,
ಬಾಂಗಡೆ ಬುಟ್ಟಿ ಎಷ್ಟಕ್ಕೆ ಹೋಯ್ತು ಕೇಳ್ದ.
ಸೇತುವೆ ಹತ್ರ ಕಿಟಕಿಯಿಂದ ಮೇಲೆ ನೋಡಿ
ಆಯಿಗೆ ಹೇಳ್ದ ಸರ್,
ಫೋಟೋ ಚೆಂದ ಬಂದದೆ ಅಂತ.'